ಮೂರು ತಿಂಗಳಾಯ್ತು, ತದಡಿ ಕೆಸರಿನ ಬಾಟಲಿ ಬರೀ ಕಪ್ಪು. ಬಣ್ಣ ಯಾಕೆ ಬರ್ತಿಲ್ಲ?

ಕೆಸರುಬಾಟಲಿ_ದಾವಣಗೆರೆ:
ತಲೆ ಕೆಟ್ಟು ಹೋಗಿದೆ. ಜನವರಿಯಲ್ಲಿ ತದಡಿಗೆ ಹೋದಾಗ ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಿಂದ ಕೆಸರು ತಂದು ವಿನೊಗ್ರಾಡ್‌ಸ್ಕಿ ಕಾಲಮ್ ಕಟ್ಟಿದೆ. ಅಂದರೆ ಕೆಸರು, ನೀರು ತುಂಬಿ ಮುಚ್ಚಿಟ್ಟ ಬಾಟಲಿಯಲ್ಲಿ ಬ್ಯಾಕ್ಟೀರಿಯಾಗಳು ಬಣ್ಣಬಣ್ಣದ ಪದರಗಳಾಗಿ ಬೆಳೆಯೋದನ್ನು ನೋಡುವ ಪ್ರಯೋಗ. ಎರಡು ಲೀಟರ್ ಬಾಟಲಿ. ಪೇಪರ್ ಚೂರು, ಮೊಟ್ಟೆಯ ಹಳದಿ, ಸೀಮೆಸುಣ್ಣದ ಪುಡಿ, ಎಲ್ಲಾ ಹಾಕಿದ್ದೇನೆ. ಎರಡೇ ವಾರಕ್ಕೆ ಕಪ್ಪಾಯ್ತು. ಅಲ್ಲಿಂದ ಇಲ್ಲಿವರೆಗೆ ನೇರಳೆಯೂ ಇಲ್ಲ, ಹಸಿರೂ ಇಲ್ಲ. ಪೆಸಿಫಿಕ್ ತಳದ 10 ಕೋಟಿ ವರ್ಷ ಹಳೆಯ ಕೆಸರಿನ ಜೀವಿಗಳಿಗೆ ಆಹಾರ ಕೊಟ್ಟರೆ ಅವು ಎದ್ದವು ಅಂತ 2020ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಅದನ್ನು ಓದಿಯೇ ನಾನು ಇದಕ್ಕೆ ಕೈ ಹಾಕಿದ್ದು. ಅಂಥವೇ ಏಳುತ್ತವೆ, ನನ್ನವು ಯಾಕೆ ಏಳ್ತಿಲ್ಲ?

ಬೋರ್‌ವೆಲ್_ಹಿರಿಯೂರು:
ಮೇಲೆ ಯಾವ ನೀರು ಹಾಕಿದ್ರಿ? ಬೋರ್ ನೀರಾದರೆ ಅದೇ ಕಾರಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಅದಿಲ್ಲದೆ ಮುಂದಿನ ಕೆಲಸ ನಡೆಯಲ್ಲ.

ಕೆಸರುಬಾಟಲಿ_ದಾವಣಗೆರೆ:
ಸಮುದ್ರದ ನೀರೇ ಸರ್. ಕ್ಯಾನಿನಲ್ಲಿ ತಂದಿದ್ದೆ.

ಬೋರ್‌ವೆಲ್_ಹಿರಿಯೂರು:
ಕ್ಯಾನಿನಲ್ಲಿ ಮೊದಲು ಏನಿತ್ತು? ನೀರು ಆವಿಯಾಗಿ ಉಪ್ಪು ಜಾಸ್ತಿ ಆಗಿರಬಹುದು. ಉಪ್ಪು ಅಳೆಯೋ ಹೈಡ್ರೋಮೀಟರ್ ಬಿಟ್ಟು ನೋಡಿ. ನನಗಂತೂ ನೀರಿನ ಮೇಲೇ ಅನುಮಾನ.

ಚಂದ್ರವಳ್ಳಿ_7:
ಅಷ್ಟು ದೂರ ಯಾಕೆ ಹೋದ್ರಿ ಅಣ್ಣಾ? ನನ್ನ ಹತ್ತಿರ ಏಳು ಬಾಟಲಿ ಇವೆ. ಚಂದ್ರವಳ್ಳಿ ಕೆರೆಯದು ಮೂರು, ಸೂಳೆಕೆರೆಯದು ಎರಡು, ವಾಣಿವಿಲಾಸ ಸಾಗರದ್ದು ಎರಡು. ಎಲ್ಲಾ ಪೂರ್ವದ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಒಂದರಲ್ಲಿ ಇಟ್ಟಿಗೆ ಬಣ್ಣ, ಎರಡರಲ್ಲಿ ದಟ್ಟ ನೇರಳೆ. ಸಮುದ್ರವೇ ಬೇಕು ಅಂದ್ರೆ ನಮ್ಮ ಚಿತ್ರದುರ್ಗದ ಮರಡಿಹಳ್ಳಿಯೂ ಒಂದು ಕಾಲಕ್ಕೆ ಸಮುದ್ರದ ತಳವೇ. ಅಲ್ಲಿನ ಪಿಲ್ಲೋ ಲಾವಾ, ದಿಂಬಿನ ಆಕಾರದ ಲಾವಾ ಕಲ್ಲು, ನೋಡಿಲ್ವಾ?

ಬೋರ್‌ವೆಲ್_ಹಿರಿಯೂರು:
ಆ ಲಾವಾ ನೀರಿನಡಿ ಹೆಪ್ಪುಗಟ್ಟಿ ಸುಮಾರು 250 ಕೋಟಿ ವರ್ಷ ಆಯ್ತು. ಕಲ್ಲು ಬೇರೆ, ಕೆಸರು ಬೇರೆ. ಇವರ ಬಾಟಲಿಗೂ ಅದಕ್ಕೂ ಏನು ಸಂಬಂಧ?

ಚಂದ್ರವಳ್ಳಿ_7:
ಊರಿನ ಹೆಮ್ಮೆ ಸರ್, ಹೇಳಿದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ನಿಮ್ಮ ಹೈಡ್ರೋಮೀಟರಿನಿಂದ ಮಾತ್ರ ಬಣ್ಣ ಬರುತ್ತಾ?

ಕೊಂಡಜ್ಜಿ_ಮೇಷ್ಟ್ರು:
ಇಬ್ಬರೂ ಸ್ವಲ್ಪ ತಡೀರಿ. ತಮ್ಮಾ, ಬಾಟಲಿ ಎಲ್ಲಿಟ್ಟಿದ್ದೀಯ?

ಕೆಸರುಬಾಟಲಿ_ದಾವಣಗೆರೆ:
ಒಳಕೋಣೆಯ ಶೆಲ್ಫಿನಲ್ಲಿ ಮೇಷ್ಟ್ರೇ, ಮೊದಲ ದಿನದಿಂದಲೂ. ನಮ್ಮೂರ ಬೇಸಿಗೆ ಗೊತ್ತಲ್ಲ, ಕಿಟಕಿಯಲ್ಲಿಟ್ಟರೆ ಬೆಂದು ಹೋಗುತ್ತೆ ಅಂತ. ಬೆಳಕಿಗೆ ಕೊರತೆ ಇಲ್ಲ, ದಿನಕ್ಕೆ 16 ಗಂಟೆ ಎಲ್‌ಇಡಿ ಟ್ಯೂಬ್ ಉರಿಯುತ್ತೆ.

ಕೊಂಡಜ್ಜಿ_ಮೇಷ್ಟ್ರು:
ಇದನ್ನು ಮೊದಲೇ ಹೇಳಬೇಕಿತ್ತು ನೋಡು.

ನಿನ್ನ ಬಾಟಲಿ ಸತ್ತಿಲ್ಲ. ಕಪ್ಪು ಬಂದಿದೆ ಅಂದರೆ ಕೆಳಗಿನವರು, ಅಂದರೆ ಕೆಸರಿನೊಳಗಿನ ಬ್ಯಾಕ್ಟೀರಿಯಾಗಳು, ಜೋರಾಗಿ ಕೆಲಸ ಮಾಡ್ತಿದ್ದಾರೆ. ಅವರು ಆಮ್ಲಜನಕದ ಬದಲು ಸಲ್ಫೇಟ್ ಬಳಸಿ ಉಸಿರಾಡುತ್ತಾರೆ, ಹೈಡ್ರೋಜನ್ ಸಲ್ಫೈಡ್ ಬಿಡುತ್ತಾರೆ. ಆ ಕೊಳೆತ ಮೊಟ್ಟೆ ವಾಸನೆ ಅದರದ್ದೇ. ಅದು ಕೆಸರಿನ ಕಬ್ಬಿಣದ ಜೊತೆ ಸೇರಿದರೆ ಕಪ್ಪು. ಕರಾವಳಿಯ ಕೆಸರಿನಲ್ಲಿ ಕೊಳೆಯುವ ಎಲೆ, ಪಾಚಿಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಮುಗಿಸುವುದು ಇವರೇ. ತದಡಿಯ ಜೀವ ನಿನ್ನ ಶೆಲ್ಫಿನಲ್ಲಿ ನಡೀತಾ ಇದೆ.

ಈ ಕೆಲಸಕ್ಕೆ ಬೆಳಕು ಬೇಡ. ನೀನು ಹೇಳಿದ ಪೆಸಿಫಿಕ್ ಜೀವಿಗಳಿಗೂ ಬೇಡ, ಅವು 5 ಕಿಲೋಮೀಟರಿಗೂ ಹೆಚ್ಚು ನೀರಿನ ಅಡಿಯಲ್ಲಿದ್ದವು. ಅಲ್ಲಿನ ಕೆಸರಿನಲ್ಲಿ ಆಮ್ಲಜನಕವೂ ಇತ್ತು, ನಿನ್ನ ಕೆಸರಿನಲ್ಲಿ ಮೇಲ್ಪದರ ದಾಟಿದರೆ ಇಲ್ಲ. ಹಾಗಾಗಿ ಅವುಗಳ ಜೊತೆ ಹೋಲಿಸಬೇಡ.

ನೇರಳೆ, ಹಸಿರು ಬಣ್ಣ ತರುವ ಬ್ಯಾಕ್ಟೀರಿಯಾಗಳು ಬೇರೆ. ಅವರಿಗೆ ಸಲ್ಫೈಡೂ ಬೇಕು, ಬೆಳಕೂ ಬೇಕು. ಆದರೆ ನೇರಳೆಯವರು ಹೆಚ್ಚಾಗಿ ಹಿಡಿಯುವುದು 800ರಿಂದ 900 ನ್ಯಾನೋಮೀಟರಿನ ಬೆಳಕು, ಹಸಿರಿನವರು 750ರ ಆಸುಪಾಸು. ಅದು ನಮ್ಮ ಕಣ್ಣಿಗೆ ಕಾಣಲ್ಲ. ಬಿಳಿ ಎಲ್‌ಇಡಿಯಲ್ಲಿ 700 ದಾಟಿದ ಮೇಲೆ ಹೆಚ್ಚುಕಡಿಮೆ ಏನೂ ಇರಲ್ಲ. ಕೋಣೆ ಬೆಳ್ಳಗಿದ್ದರೂ ಅವರ ಪಾಲಿಗೆ ಮಬ್ಬೇ.

ನೇರ ಬಿಸಿಲು ಬೀಳದ ಕಿಟಕಿಗೆ ತಾ. ಇಲ್ಲಾಂದ್ರೆ ಕೋಳಿ ಮರಿಗಳ ಗೂಡಿಗೆ ಹಾಕುವ ಹಳೇ ಗುಂಡು ಬಲ್ಬ್ ಸಿಕ್ಕರೆ, 40 ವಾಟಿನದು, ಎರಡು ಅಡಿ ದೂರದಲ್ಲಿ ಹಾಕು. ಮುಚ್ಚಳ ತೆಗೆದು ಮೂಸಬೇಡ, ಆ ಗಾಳಿ ಒಳ್ಳೆಯದಲ್ಲ.

ಬೋರ್‌ವೆಲ್_ಹಿರಿಯೂರು:
ಒಪ್ಪಿದೆ. ಆದರೂ ಉಪ್ಪು ಅಳೆಯೋದು ಬಿಡಬೇಡಿ.

ಚಂದ್ರವಳ್ಳಿ_7:
ನನ್ನ ಕಿಟಕಿಯ ಮಹಿಮೆ ಈಗ ಅರ್ಥ ಆಯ್ತು. ಫೋಟೋ ಹಾಕ್ತೀನಿ ಇರಿ.

ಕೆಸರುಬಾಟಲಿ_ದಾವಣಗೆರೆ:
ಐದು ವಾರ ಆಯ್ತು. ಕಿಟಕಿಯ ಕಡೆ ಮುಖ ಮಾಡಿದ ಬದಿಯಲ್ಲಿ ಮಾತ್ರ, ಕಪ್ಪಿನ ಮೇಲ್ಗಡೆ, ಬೆರಳುಗುರುತಿನಷ್ಟು ನೇರಳೆ ಕಲೆ ಬಂದಿದೆ. ಗೋಡೆಯ ಕಡೆ ಇನ್ನೂ ಏನೂ ಇಲ್ಲ. ಮೇಷ್ಟ್ರೇ, ಈಗ ಬಾಟಲಿ ತಿರುಗಿಸಲಾ, ಹಾಗೇ ಬಿಡಲಾ?