ಮುಂದಿನ ವರ್ಷದ ಮದುವೆಗೆ ಇವತ್ತಿನ ರೇಟು ಬೇಡ ಪುಟ್ಟಾ

ಪುಟ್ಟಾ, ನಿನ್ನ ವಾಯ್ಸ್ ಮೆಸೇಜ್ ಬೆಳಗ್ಗೆಯೇ ಕೇಳಿದೆ. ಮನೆ ಕೆಲಸ ಮುಗಿಸಿ ಸಮಾಧಾನವಾಗಿ ಹೇಳೋಣ ಅಂತ ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ಗ್ರೂಪಿನಲ್ಲಿ ಕೆಲವರು ಕೇಳಿರಲಿಕ್ಕಿಲ್ಲ, ಅದಕ್ಕೆ ವಿಷಯ ಮೊದಲು ಹೇಳಿಬಿಡುತ್ತೇನೆ. ಮೈಸೂರಿನ ಪಾರ್ಟಿ ಒಬ್ಬರು 2027ರ ಮೇ ತಿಂಗಳಲ್ಲಿ ಮಗಳ ಮದುವೆ ಇಟ್ಟುಕೊಂಡಿದ್ದಾರೆ. ಆರತಕ್ಷತೆಗೆ ನಮ್ಮ ಪುಟ್ಟನ ಆರ್ಕೆಸ್ಟ್ರಾನೇ ಬೇಕಂತೆ. ಈಗಲೇ ಬುಕ್ ಮಾಡುತ್ತೇವೆ, ಆದರೆ ಇವತ್ತಿನ ರೇಟಿಗೇ ಬರಬೇಕು ಅಂದಿದ್ದಾರೆ. ಇವನು ಈಗ ತಗೊಳ್ಳುತ್ತಿರುವುದು 60,000. ಒಪ್ಪಿಕೊಳ್ಳಲಾ ಅಂತ ಕೇಳಿದ. ಚಿಕ್ಕಪ್ಪ, ನೀವು "ಮನೆ ಬಾಗಿಲಿಗೆ ಬಂದ ಲಕ್ಷ್ಮೀನ ಬೇಡ ಅನ್ನಬೇಡ, ವೀಳ್ಯ ಹಿಡಿ" ಅಂದಿರಿ.

ಚಿಕ್ಕಪ್ಪ, ಎದುರು ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ವೀಳ್ಯದ ವಿಷಯದಲ್ಲಿ ನಿಮ್ಮ ಮಾತೇ ನನ್ನ ಮಾತು. ನೀವು ಡೋಲು ಬಾರಿಸುತ್ತಿದ್ದ ಕಾಲದಲ್ಲಿ ಎಲೆ ಅಡಿಕೆ ಮೇಲೆ ದುಡ್ಡಿಟ್ಟು ಕೈಗೆ ಕೊಟ್ಟರೆ ಮುಗಿಯಿತು. ಆಮೇಲೆ ಎಂಥ ಸಾಹುಕಾರರು ಕರೆದರೂ ಅವತ್ತು ಬೇರೆ ಚಪ್ಪರಕ್ಕೆ ಹೋಗುತ್ತಿರಲಿಲ್ಲ. ಒಪ್ಪಿದ್ದಕ್ಕಿಂತ ಒಂದು ಪೈಸೆ ಜಾಸ್ತಿ ಕೇಳುತ್ತಿರಲಿಲ್ಲ. ಪುಟ್ಟನೂ ಹಾಗೇ ಇರಬೇಕು. ಅದಕ್ಕೇ ಹೇಳುತ್ತಿದ್ದೇನೆ, ವೀಳ್ಯ ಹಿಡಿಯುವ ಮುಂಚೆಯೇ ಸರಿಯಾದ ರೇಟು ಬಾಯಲ್ಲಿ ಬರಬೇಕು. ನಿಮಗೆ ವೀಳ್ಯ ಬರುತ್ತಿದ್ದದ್ದು ಲಗ್ನ ಕಟ್ಟಿಸಿದ ಮೇಲೆ, ಮದುವೆಗೆ ತಿಂಗಳೋ ಎರಡು ತಿಂಗಳೋ ಇರುವಾಗ. ಇವರು ಕೇಳುತ್ತಿರುವುದು 14 ತಿಂಗಳ ಮುಂಚೆ. ಅಷ್ಟರಲ್ಲಿ ಎರಡು ಯುಗಾದಿ ಬರುತ್ತೆ, ಎರಡು ಏಪ್ರಿಲ್ 1 ಬರುತ್ತೆ.

ಏಪ್ರಿಲ್ 1 ಯಾಕೆ ಹೇಳಿದೆ ಅಂದ್ರೆ, ಹೆದ್ದಾರಿ ಟೋಲ್ ದರ ವರ್ಷ ವರ್ಷ ಬದಲಾಗುವುದು ಅವತ್ತೇ. ಮಂಡ್ಯದಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಮೈಸೂರಿಗೆ ಹೋದರೆ ಗಣಂಗೂರಿನಲ್ಲಿ ಕಟ್ಟಬೇಕು, ರಾತ್ರಿ ವಾಪಸ್ ಬರುವಾಗಲೂ ಕಟ್ಟಬೇಕು. 2025ರ ಏಪ್ರಿಲ್ 1ರಂದೇ ಅಲ್ವಾ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 18.44 ಪರ್ಸೆಂಟಿನಿಂದ 21.17ಕ್ಕೆ ಹೋಗಿದ್ದು? ಲೀಟರಿಗೆ 2 ರೂಪಾಯಿ ಏರಿತು. ಆದರೂ ಡೀಸೆಲ್, ಟೋಲ್ ಎರಡೂ ಸೇರಿ ನಮ್ಮ ಲೆಕ್ಕದಲ್ಲಿ ಸಣ್ಣದು. ದೊಡ್ಡದು ಆರ್ಟಿಸ್ಟ್ ಪೇಮೆಂಟ್.

ನಿನ್ನ 60,000ವನ್ನೇ ಬಿಡಿಸಿ ನೋಡೋಣ. ಇಬ್ಬರು ಗಾಯಕರು, ಕೀಬೋರ್ಡ್, ರಿದಮ್ ಪ್ಯಾಡ್, ಗಿಟಾರ್, ಢೋಲಕ್, ಸೌಂಡ್ ನೋಡಿಕೊಳ್ಳುವ ಹುಡುಗ. ಇವರೆಲ್ಲರಿಗೂ ಸೇರಿ 32,000 ಅಂದೆ. ಸೌಂಡು, ಲೈಟು ಬಾಡಿಗೆ 15,000. ಟೆಂಪೊ, ಡೀಸೆಲ್, ಊಟ ತಿಂಡಿ 5,000. ನಿನಗೆ ಉಳಿಯುವುದು 8,000. ಮುಂದಿನ ಮೇ ಹೊತ್ತಿಗೆ ಆರ್ಟಿಸ್ಟ್‌ಗಳು ನೂರಕ್ಕೆ ಹತ್ತು ಜಾಸ್ತಿ ಕೇಳಿದರೆ 3,200 ಹೋಯಿತು. ಸೌಂಡಿನವರು ಅಷ್ಟೇ ಏರಿಸಿದರೆ 1,500. ಗಾಡಿ ಕಡೆ ಒಂದು 800. ಒಟ್ಟು 5,500. ಕೈಗೆ ಬರುವುದು 2,500. ಎರಡು ದಿನ ರಿಹರ್ಸಲ್, ಒಂದು ರಾತ್ರಿ ನಿದ್ದೆ, ಎಲ್ಲಕ್ಕೂ ಸೇರಿ 2,500. ಅವತ್ತು ಬೇರೆಯವರು ಹೊಸ ರೇಟಿಗೆ ಕರೆದರೂ ನೀನು ಹೋಗುವ ಹಾಗಿಲ್ಲ.

ಇದನ್ನ ನಾನು ಅನುಭವಿಸಿದ್ದೇನೆ ಕಣೋ. 2021ರ ಸಂಕ್ರಾಂತಿ ಹೊತ್ತಿಗೆ ಅಕ್ಟೋಬರ್ ಕೊನೆಯ ಒಂದು ಮದುವೆ ಒಪ್ಪಿಕೊಂಡೆವು. ಲಾಕ್‌ಡೌನ್‌ನಲ್ಲಿ ಕೆಲಸ ಇಲ್ಲದೆ ಕೂತಿದ್ದೆವು, ಯಾರಾದರೂ ಕರೆದರೆ ಸಾಕಾಗಿತ್ತು. ಹಳೇ ರೇಟಿಗೇ ಹ್ಞೂಂ ಅಂದೆ. ಆಗ ಡೀಸೆಲ್ 80ರ ಆಸುಪಾಸಿನಲ್ಲಿತ್ತು. ಮದುವೆ ದಿನ 100 ದಾಟಿತ್ತು. ಪಾಂಡವಪುರದ ಕಡೆಯ ಹಳ್ಳಿ, ಸಂಜೆಯಿಂದ ಕರೆಂಟ್ ಇಲ್ಲ, ಪೂರ್ತಿ ಜನರೇಟರ್ ಮೇಲೆ ನಡೆಯಿತು. ಮುಂದೆ ಹೋಗಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದಿದ್ದರಿಂದ ಕೀಬೋರ್ಡ್‌ನವರು ಮಾಮೂಲಿಗಿಂತ 1,500 ಜಾಸ್ತಿ ಕೇಳಿದರು. ಕೊಡದೆ ವಿಧಿ ಇರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜ್ ಹಿಂದೆ ಸ್ಪೀಕರ್ ಬಾಕ್ಸ್ ಮೇಲೆ ಕೂತು, ಮೊಬೈಲ್ ಟಾರ್ಚ್ ಹಚ್ಚಿ ಎಲ್ಲರಿಗೂ ಎಣಿಸಿ ಕೊಡುತ್ತಾ ಬಂದೆ. ಕೊನೆಗೆ ರಿದಮ್ ಪ್ಯಾಡ್ ಹುಡುಗ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಕವರಿನಲ್ಲಿ 700 ರೂಪಾಯಿ ಇತ್ತು. ಅವನಿಗೆ ಕೊಡಬೇಕಾಗಿದ್ದು 3,000. "ಪರವಾಗಿಲ್ಲ ಅಕ್ಕ, ಆಮೇಲೆ ಕೊಡಿ" ಅಂತ 200 ರೂಪಾಯಿ ಮಾತ್ರ ಪೆಟ್ರೋಲಿಗೆ ತಗೊಂಡು ಹೋದ. ಮೂರನೇ ದಿನಕ್ಕೆ ಉಳಿದ ದುಡ್ಡು ಕಳಿಸಿದೆ. ಆದರೆ ಆ ಸೀಸನ್ ಪೂರ್ತಿ ಅವನು ನಮ್ಮ ಕಡೆ ಬರಲಿಲ್ಲ. ಪಾರ್ಟಿಯವರ ತಪ್ಪೇನಿಲ್ಲ, ಮಾತಾಡಿದ ದುಡ್ಡು ಅವರು ಚುಕ್ತಾ ಮಾಡಿದ್ದರು. ಕಡಿಮೆ ಹೇಳಿದ್ದು ನಾನು. ಅವತ್ತು ಆ ಹುಡುಗನ ಮುಖ ನೋಡಲಿಕ್ಕೆ ನನಗೆ ಆಗಲಿಲ್ಲ.

ಅದಕ್ಕೆ ನಿನ್ನ ಪಾರ್ಟಿಗೆ 66,000 ಅಂತ ಹೇಳು. 2027ರ ರೇಟು ಇದು, ಏನೇ ಏರಿದರೂ ಅವತ್ತು ಇದಕ್ಕಿಂತ ಒಂದು ರೂಪಾಯಿ ಕೇಳಲ್ಲ ಅಂತಲೂ ಹೇಳು. ಕೆಲವರು ಈಗಿನ ರೇಟು ಹೇಳಿ, ಡೀಸೆಲ್ ಗಾಡಿ ಖರ್ಚು ಅವತ್ತಿನ ಹಾಗೆ ಅಂತ ಬರೆಸಿಕೊಳ್ಳುತ್ತಾರೆ. ತಪ್ಪಲ್ಲ, ಆದರೆ ನನಗೆ ಅದು ಹಿಡಿಸಲ್ಲ. ಮದುವೆ ಮನೆಯವರಿಗೆ ಕಲ್ಯಾಣ ಮಂಟಪ, ಅಡುಗೆಯವರು, ಹೂವಿನವರು ಅಂತ ನೂರೆಂಟು ಲೆಕ್ಕ ಇರುತ್ತೆ. ನಮ್ಮದೊಂದಾದರೂ ಗಟ್ಟಿಯಾಗಿರಲಿ. ಇಷ್ಟು ಮುಂಚೆ ಬಂದಿದ್ದೇವೆ, ಏನಾದರೂ ಮಾಡಿಕೊಡಿ ಅಂದರೆ ದುಡ್ಡು ಇಳಿಸಬೇಡ. ಮೈಕು, ಎರಡು ಸ್ಪೀಕರ್ ರಾತ್ರಿ ಅಲ್ಲೇ ಬಿಟ್ಟು ಬರುತ್ತೇವೆ, ಬೆಳಗ್ಗೆ ಧಾರೆ ಹೊತ್ತಿಗೆ ಪುರೋಹಿತರಿಗೂ ವಾಲಗದವರಿಗೂ ಆಗುತ್ತೆ ಅನ್ನು. ಸೌಂಡಿನವರ ಹತ್ತಿರ ಮೊದಲೇ ಮಾತಾಡಿಕೊಂಡರೆ ಅದಕ್ಕೆ ಹೆಚ್ಚೇನೂ ಆಗಲ್ಲ. ಅವರಿಗೆ ಮಾತ್ರ ಬಹಳ ಉಪಕಾರ.

ಇನ್ನೊಂದು ವಿಷಯ ನೀನು ಕೇಳಲೇ ಇಲ್ಲ. ಮೇ 2027 ಅಂದ್ರೆ ಪ್ಲವಂಗ ಸಂವತ್ಸರ. ಈಗ ಅಂಗಡಿಯಲ್ಲಿ ಸಿಗುವುದು ಈ ಯುಗಾದಿಯಿಂದ ಶುರುವಾಗುವ ಪರಾಭವದ ಪಂಚಾಂಗ. ಅವರು ಯಾವ ಪಂಚಾಂಗ ನೋಡಿ ದಿನ ಇಟ್ಟರು? ಮಗಳು ಹೊರದೇಶದಲ್ಲಿದ್ದಾಳೆ, ರಜೆ ನೋಡಿ ಭಾನುವಾರ ಹಿಡಿದಿದ್ದಾರೆ ಅಂತ ನೀನೇ ಅಂದೆ. ನಾಳೆ ಪುರೋಹಿತರು ಬೇರೆ ದಿನ ಹೇಳಿದರೆ ನಿನ್ನ ಭಾನುವಾರ ಸುಮ್ನೆ ಹೋಗುತ್ತೆ. ಈ ವರ್ಷವೇ ನೋಡು, ಅಧಿಕ ಜ್ಯೇಷ್ಠ ಬಂದು ಮೇ 17ರಿಂದ ಜೂನ್ 15ರವರೆಗೆ ಮದುವೆಯೇ ಇಲ್ಲ. ಅದು ಮುಗಿದು ಒಂದು ತಿಂಗಳಿಗೆ ಆಷಾಢ. ಒಳ್ಳೆ ಮುಹೂರ್ತದ ಒಂದು ದಿನ ಕಳಕೊಂಡರೆ ಆಮೇಲೆ ತುಂಬಿಸೋದು ಕಷ್ಟ. ಅದಕ್ಕೆ ದಿನ ಬದಲಾದರೆ ಏನು ಅನ್ನುವುದನ್ನ ಈಗಲೇ ಮಾತಾಡು. ಮೂರು ತಿಂಗಳ ಮುಂಚೆ ಹೇಳಿದರೆ ಒಂದು ಸಲ ಬದಲಾಯಿಸಿಕೊಡು, ಹೊಸ ದಿನ ನೀನು ಖಾಲಿ ಇದ್ದರೆ ಮಾತ್ರ.

ಅಡ್ವಾನ್ಸ್ 2,000 ಕೊಡುತ್ತೇವೆ ಅಂದರಂತಲ್ಲ, ಬೇಡ. ಅಷ್ಟು ದುಡ್ಡನ್ನ ಯಾರು ಬೇಕಾದರೂ ಬಿಟ್ಟು ಹೋಗುತ್ತಾರೆ. 20,000 ಕೇಳು. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಹೊತ್ತಿಗೆ ಇನ್ನೊಂದು 20,000. ಉಳಿದ 26,000 ಸ್ಟೇಜ್ ಹತ್ತುವ ಮುಂಚೆ. ಬಂದ ಅಡ್ವಾನ್ಸ್‌ನಲ್ಲಿ ಕೀಬೋರ್ಡ್‌ನವರಿಗೂ ಮುಖ್ಯ ಗಾಯಕಿಗೂ ಸ್ವಲ್ಪ ಸ್ವಲ್ಪ ಅವತ್ತೇ ಕಳಿಸು, 2027ರ ಪೇಮೆಂಟ್ ಎಷ್ಟು ಅಂತಲೂ ಅವತ್ತೇ ಹೇಳಿಬಿಡು. ಇಲ್ಲದಿದ್ದರೆ ಅವರು ಬೇರೆ ಟೀಮಿಗೆ ಡೇಟ್ ಕೊಟ್ಟುಬಿಡುತ್ತಾರೆ. ಉಳಿದದ್ದನ್ನ ಬೇರೆ ಅಕೌಂಟ್‌ನಲ್ಲಿಡು, ಮುಟ್ಟಬೇಡ. 2020ರಲ್ಲಿ ಲಾಕ್‌ಡೌನ್ ಬಂದು, ಆಮೇಲೆ ಮದುವೆಗೆ 50 ಜನ ಮಾತ್ರ ಅಂತ ಆದಾಗ ನಮ್ಮ ಏಪ್ರಿಲ್, ಮೇ ಬುಕಿಂಗ್ ಎಲ್ಲಾ ನಿಂತುಹೋಯಿತು. ಅಡ್ವಾನ್ಸ್ ದುಡ್ಡಿನಲ್ಲಿ ನಿನ್ನ ಭಾವ ಹೊಸ ಮಿಕ್ಸರ್ ತಂದಿದ್ದರು. ವಾಪಸ್ ಕೊಡಲು ನನ್ನ ಎರಡು ಬಳೆ ಗಿರವಿ ಅಂಗಡಿಗೆ ಹೋಯಿತು. ಕೊಟ್ಟೆವು, ಒಬ್ಬರದ್ದೂ ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಸಾವು ನೋವು ಆಗಿ ಮದುವೆ ನಿಂತರೂ ಅಷ್ಟೇ, ಪೂರ್ತಿ ವಾಪಸ್ ಕೊಡು, ಒಂದು ಮಾತೂ ಆಡಬೇಡ. ಅವರಾಗಿಯೇ ಬೇರೆ ಟೀಮ್ ಹಿಡಿದು ನಿನ್ನನ್ನ ಬಿಟ್ಟರೆ ಮಾತ್ರ ಅಡ್ವಾನ್ಸ್ ನಿನ್ನದು. ಇದನ್ನೂ ರಸೀದಿಯಲ್ಲಿ ಬರೆ.

ಟೈಮ್ 7ರಿಂದ 10 ಅಂತಲೂ ಬರೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಕೇಳುವ ಹಾಗೆ ಧ್ವನಿವರ್ಧಕ ಹಾಕಬಾರದು ಅಂತ 2000ನೇ ಇಸವಿಯಿಂದಲೇ ಕಾನೂನಿದೆ. ಇನ್ನೊಂದೇ ಹಾಡು ಅಂತ ಹುಡುಗರು ಹಿಡಿದುಕೊಂಡಾಗ ಅದೇ ಕಾಗದ ತೋರಿಸಬಹುದು.

ನಮ್ಮ ರಸೀದಿ ಪುಸ್ತಕದ ಒಂದು ಹಾಳೆ ಫೋಟೊ ತೆಗೆದು ಈಗಲೇ ಹಾಕುತ್ತೇನೆ, ಪಾರ್ಟಿ ಹೆಸರು ಮುಚ್ಚಿರುತ್ತೇನೆ. ಕಾರ್ಬನ್ ಇಟ್ಟು ಬರೆದದ್ದು, ಕೆಳಗೆ ಸಣ್ಣ ಅಕ್ಷರದಲ್ಲಿರುವ ನಾಲ್ಕು ಸಾಲು ನೋಡು, ಅದೇ ಮುಖ್ಯ. ಚಿಕ್ಕಪ್ಪ, ನೀವೂ ಓದಿ, ಏನಾದರೂ ಬಿಟ್ಟಿದ್ದರೆ ಹೇಳಿ. ಪುಟ್ಟಾ, ಅವರಿಗೆ ಈಗ ಏನೂ ಮೆಸೇಜ್ ಹಾಕಬೇಡ. ಸಂಜೆ ಭಾವ ಮನೆಗೆ ಬಂದಿರುತ್ತಾರೆ, 7 ಗಂಟೆಗೆ ಫೋನ್ ಮಾಡು. ಇಬ್ಬರೂ ಕೂತು ಲೆಕ್ಕ ಇನ್ನೊಂದು ಸಲ ನೋಡುತ್ತೇವೆ, ಆಮೇಲೆ ನೀನು ಅವರ ಹತ್ತಿರ ಮಾತಾಡುವೆಯಂತೆ.