ಸಹಾಯ ಬೇಕು: ಗ್ರೇನ್ (ಲೋಹದೊಳಗಿನ ಹರಳು) ಸಣ್ಣದಾದರೂ ಅಲ್ಯೂಮಿನಿಯಂ ಶೀಟ್ ಮೆತ್ತಗಾಗುತ್ತಿದೆ, ಯಾಕೆ?

ಎಲ್ಲರಿಗೂ ನಮಸ್ಕಾರ. 5052 (ಮೆಗ್ನೀಸಿಯಂ ಬೆರೆಸಿದ ಮಿಶ್ರಲೋಹ) ಅಲ್ಯೂಮಿನಿಯಂ ಶೀಟ್ ವಿಷಯದಲ್ಲಿ ತಲೆ ಕೆಟ್ಟುಹೋಗಿದೆ. ಕೋಲ್ಡ್ ರೋಲಿಂಗ್ (ಕಾಯಿಸದೆ ರೋಲರ್ ನಡುವೆ ಒತ್ತುವುದು) ಮಾಡಿ ದಪ್ಪವನ್ನು ಕಾಲು ಭಾಗಕ್ಕೆ ಇಳಿಸಿದ್ದೇನೆ. ಶೀಟ್ ಗಟ್ಟಿಯೇನೋ ಆಗಿದೆ. ಆದರೆ ಬಗ್ಗಿಸಲು ಹೋದರೆ ಮಡಿಕೆಯ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು. ಅದೂ ಮಡಿಕೆಯ ಗೆರೆ ರೋಲಿಂಗ್ ದಿಕ್ಕಿನಲ್ಲೇ ಇದ್ದಾಗ ಜಾಸ್ತಿ.

ಸರಿ ಅಂತ 345 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನೀಲ್ ಮಾಡಿದೆ, ಅಂದರೆ ಕಾಯಿಸಿ ಮೆತ್ತಗೆ ಮಾಡಿದೆ. ಬಿರುಕು ಹೋಯಿತು. ಪಾಲಿಶ್, ಎಚಿಂಗ್ (ಗ್ರೇನ್ ಕಾಣುವಂತೆ ರಾಸಾಯನಿಕದಿಂದ ಮೇಲ್ಮೈ ಕೊರೆಯುವುದು) ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಉದ್ದಕ್ಕೆ ಎಳೆದ ಪಟ್ಟಿಗಳಂತಿದ್ದ ಗ್ರೇನ್‌ಗಳ ಜಾಗದಲ್ಲಿ ಸಣ್ಣ ಸಣ್ಣ ಹೊಸ ಗ್ರೇನ್‌ಗಳು, ಎಲ್ಲ ಕಡೆಗೂ ಹೆಚ್ಚುಕಡಿಮೆ ಒಂದೇ ಅಳತೆ. ನೋಡಲು ಬಲು ಚೆಂದ! ಬಲ ಮಾತ್ರ ಕುಸಿದಿದೆ. ಕೈಪಿಡಿಗಳ ಅಂಕಿಯೂ ಅದನ್ನೇ ಹೇಳುತ್ತದೆ: ಎಚ್38 ಸ್ಥಿತಿಯಲ್ಲಿ (ರೋಲಿಂಗ್‌ನಿಂದ ಪೂರ್ತಿ ಗಟ್ಟಿ ಮಾಡಿ ಸ್ಥಿರಗೊಳಿಸಿದ್ದು) ಯೀಲ್ಡ್ ಸ್ಟ್ರೆಂತ್, ಅಂದರೆ ಲೋಹ ಶಾಶ್ವತವಾಗಿ ಬಾಗತೊಡಗುವ ಒತ್ತಡ, ಸುಮಾರು 255 ಮೆಗಾಪ್ಯಾಸ್ಕಲ್, ಪೂರ್ತಿ ಅನೀಲ್ ಆದರೆ ಸುಮಾರು 90.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಹಾಲ್-ಪೆಚ್ ಸೂತ್ರದ ಪ್ರಕಾರ ಗ್ರೇನ್ ಸಣ್ಣದಾದಷ್ಟೂ ಬಲ ಏರಬೇಕು, ಅಲ್ವಾ? ಅನೀಲಿಂಗ್‌ನಲ್ಲಿ ಡಿಸ್‌ಲೊಕೇಶನ್‌ಗಳು (ಹರಳಿನೊಳಗಿನ ಪರಮಾಣು ಜೋಡಣೆಯ ಗೆರೆಯಂಥ ದೋಷಗಳು) ಕಡಿಮೆಯಾಗಿ ಲೋಹ ಮೆತ್ತಗಾಗುತ್ತದೆ ಅನ್ನುವುದು ಗೊತ್ತು. ಹಾಗಾದರೆ ಅಲ್ಯೂಮಿನಿಯಂನಲ್ಲಿ ಸಣ್ಣ ಗ್ರೇನ್‌ನ ಲಾಭ ಅಷ್ಟು ಅಲ್ಪವೇ? ಇದು 6061 ತರದ ಮಿಶ್ರಲೋಹವೂ ಅಲ್ಲ, ಏಜಿಂಗ್ (ಒಳಗೆ ಸೂಕ್ಷ್ಮ ಕಣ ಹುಟ್ಟುವಂತೆ ಹದ ಶಾಖದಲ್ಲಿ ಇಡುವುದು) ಮಾಡಿ ಗಟ್ಟಿ ಮಾಡೋಣ ಅಂದರೆ ಆ ದಾರಿಯೂ ಮುಚ್ಚಿದೆ.

ಈಗ ಉಳಿದಿರುವುದು ಎರಡೇ. ಒಂದು, ಹೊಸ ಗ್ರೇನ್ ಹುಟ್ಟುವ ಮೊದಲೇ ನಿಲ್ಲುವಂತೆ ಕಡಿಮೆ ಶಾಖದಲ್ಲಿ ಅರ್ಧಂಬರ್ಧ ಅನೀಲ್. ಇನ್ನೊಂದು, ಪೂರ್ತಿ ಅನೀಲ್ ಮಾಡಿ ಆಮೇಲೆ ಸ್ವಲ್ಪವೇ ಸ್ವಲ್ಪ ರೋಲಿಂಗ್. ಬಿರುಕಿಲ್ಲದೆ ಬಗ್ಗಬೇಕು, ಬಲವೂ ಆದಷ್ಟು ಉಳಿಯಬೇಕು ಅಂದರೆ ಇವೆರಡರಲ್ಲಿ ಯಾವುದು ಸರಿ, ಯಾಕೆ? ಕೈಯಾರೆ ಮಾಡಿ ನೋಡಿದವರು ಎಷ್ಟು ಡಿಗ್ರಿ, ಎಷ್ಟು ಶೇಕಡಾ ರೋಲಿಂಗ್ ಅಂತಲೂ ತಿಳಿಸಿ.