ಶಿರಸಿಯ ಒಳರಸ್ತೆ: ಹಂಪ್ ಹಾಕಿಸೋದಾ, ಒನ್‌ವೇ ಮಾಡಿಸೋದಾ?

ಪ್ರಶ್ನೆ: ಶಿರಸಿಯಲ್ಲಿ ಎರಡು ಮುಖ್ಯರಸ್ತೆಗಳನ್ನು ಜೋಡಿಸುವ ಸುಮಾರು 300 ಮೀಟರ್ ಒಳರಸ್ತೆ, ಅಗಲ ಐದೂವರೆ ಮೀಟರ್. ಸಿಗ್ನಲ್ ತಪ್ಪಿಸಲು ಬೈಕು, ಟೆಂಪೋ, ಟಿಪ್ಪರ್ ಎಲ್ಲ ಇದರಲ್ಲೇ ನುಗ್ಗುತ್ತವೆ. ಒಂದು ತುದಿಯಲ್ಲಿ ಶಾಲೆ. ಅರ್ಧ ಜನರಿಗೆ ಹಂಪ್ ಬೇಕು, ಇನ್ನರ್ಧ ಜನರಿಗೆ ಒನ್‌ವೇ. ನಗರಸಭೆ ಸಭೆ ಕರೆದಿದೆ. ಏನು ಕೇಳಬೇಕು? ತಿಳಿದವರು ಹೇಳಿ.

ಶಿರಸಿಯಿಂದ: ಮೊದಲು ರಸ್ತೆ ಯಾರದ್ದು ನೋಡಿ. ನಗರಸಭೆಯದ್ದೋ, ಲೋಕೋಪಯೋಗಿಯದ್ದೋ ಅಂತ ಬರಹದಲ್ಲಿ ಪಡೆಯಿರಿ. ಹಾಗೇ ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ಕುಮಟಾ–ಶಿರಸಿ–ಹಾವೇರಿ ರಸ್ತೆ ರಾಷ್ಟ್ರೀಯ ಹೆದ್ದಾರಿ 766ಇ. ಅದರ ಮೇಲೆ ಹಂಪ್ ಕೇಳಿ ಪ್ರಯೋಜನವಿಲ್ಲ, ಹೆದ್ದಾರಿಗಳಲ್ಲಿ ಇದ್ದವನ್ನೇ ತೆಗೆಯಿರಿ ಎಂದು ಕೇಂದ್ರ ಸಚಿವಾಲಯ 2016ರಲ್ಲೇ ಹೇಳಿಯಾಗಿದೆ.

ಆಮೇಲೆ ಅಳತೆ. "ಭಯಂಕರ ಸ್ಪೀಡ್ ಸಾರ್" ಅಂದರೆ ಇಂಜಿನಿಯರ್ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ರಸ್ತೆಯ ಮೇಲೆ 30 ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆಯಿರಿ, ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಬದಿಯಲ್ಲಿ ನಿಲ್ಲಿ. 108ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ: 3.6 ಸೆಕೆಂಡಾದರೆ 30, 2.7 ಆದರೆ 40. ಮುಂದಿನ ಗಾಡಿಯಿಂದಾಗಿ ನಿಧಾನವಾದವನ್ನು ಬಿಟ್ಟು 100 ವಾಹನ ಬರೆದುಕೊಳ್ಳಿ. ವೇಗಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ 85ನೆಯ ಸಂಖ್ಯೆ ಎಷ್ಟು ಬರುತ್ತದೋ ಅದೇ ಸಭೆಯಲ್ಲಿ ಇಡಬೇಕಾದ ವೇಗ, ಅಂದರೆ ನೂರರಲ್ಲಿ 85 ಗಾಡಿ ಅದನ್ನು ಮೀರುವುದಿಲ್ಲ. ಶಾಲೆ ಬಿಡುವ ಹೊತ್ತು ಮತ್ತು ರಾತ್ರಿ ಬೇರೆ ಬೇರೆ ಅಳೆಯಿರಿ. ಮಾರಿಕಾಂಬಾ ಜಾತ್ರೆ ಸಮಯದ ಲೆಕ್ಕ ಯಾರೂ ಒಪ್ಪುವುದಿಲ್ಲ.

ಕಾರವಾರದಿಂದ: ಹಂಪ್ ಕೇಳುವುದಾದರೆ ಅಳತೆ ಸಮೇತ ಕೇಳಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಐಆರ್‌ಸಿ 99 ಮಾರ್ಗಸೂಚಿ 1988ರಲ್ಲಿ ಹೇಳಿದ ದುಂಡು ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ.ನಲ್ಲಿ ಆರಾಮಾಗಿ ದಾಟಬಹುದು. ನಮ್ಮೂರುಗಳಲ್ಲಿ ಹಾಕುವ ಒಂದಡಿ ಅಗಲದ ದಿಮ್ಮಿಯಂಥದ್ದು ಉಲ್ಟಾ ಕೆಲಸ ಮಾಡುತ್ತದೆ. ನಿಧಾನ ಹೋದವನ ಬೆನ್ನು ಮುರಿಯುತ್ತದೆ, ಜೋರು ಹೋದವನ ಹೊಡೆತವನ್ನು ಸಸ್ಪೆನ್ಷನ್ ನುಂಗಿಬಿಡುತ್ತದೆ. ರಾತ್ರಿ ತಾವೇ ಜಲ್ಲಿ ಸಿಮೆಂಟ್ ಸುರಿಯುವವರಿಗೂ ಇದನ್ನು ಹೇಳಿ, ಬೈಕಿನವ ಬಿದ್ದರೆ ಕೇಸು ಅವರ ಮೇಲೇ.

ಹಂಪ್‌ನಿಂದ ಹಂಪ್‌ಗೆ 100–120 ಮೀಟರ್. ನಿಮ್ಮ ರಸ್ತೆಗೆ ಎರಡು ಸಾಕು. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ.

ನಮ್ಮ ಕಡೆ ಹಂಪ್ ಹಾಳಾಗುವುದು ನೀರಿನಿಂದ. ಗಟಾರದಿಂದ ಗಟಾರಕ್ಕೆ ಪೂರ್ತಿ ಅಡ್ಡ ಹಾಕಿದರೆ ಮಳೆನೀರು ಮೇಲ್ಬದಿಗೆ ನಿಲ್ಲುತ್ತದೆ, ಜುಲೈ ಹೊತ್ತಿಗೆ ಹಂಪ್ ಎದುರೇ ಹೊಂಡ. ಗಟಾರದ ಬದಿ ಎರಡೂ ಅಂಚಿಗೆ 25–30 ಸೆಂಟಿಮೀಟರ್ ಜಾಗ ಬಿಡಿಸಿ. ಅಲ್ಲಿ ಬೈಕ್ ನುಸುಳದಂತೆ ರಿಫ್ಲೆಕ್ಟರ್ ಇರುವ ಕಂಬ ನೆಡಿಸಿ. ಹಳೇ ಡಾಂಬರಿನ ಮೇಲೆ ಸುಮ್ಮನೆ ಸುರಿದರೆ ಅಂಚು ಏಳುತ್ತದೆ. ಹಂಪ್ ಶುರುವಾಗುವ, ಮುಗಿಯುವ ಎರಡೂ ಅಂಚಿಗೆ ಎರಡು ಮೂರು ಸೆಂಟಿಮೀಟರ್ ಆಳ ಕತ್ತರಿಸಿ, ಧೂಳು ಊದಿ, ಹಳೆಯದಕ್ಕೆ ಹೊಸದನ್ನು ಅಂಟಿಸುವ ತೆಳು ಪದರ ಟ್ಯಾಕ್ ಕೋಟ್ ಹೊಡೆದ ಮೇಲೇ ಡಾಂಬರು.

ಬಣ್ಣ ಕಾಯಿಸಿ ಹಚ್ಚುವ ಥರ್ಮೋಪ್ಲಾಸ್ಟಿಕ್ ಇರಲಿ, 2.5 ಮಿ.ಮೀ. ದಪ್ಪ, ಮೇಲೆ ಚದರ ಮೀಟರಿಗೆ ರಾತ್ರಿ ಹೊಳೆಯಲು 250 ಗ್ರಾಂ ಗಾಜಿನ ಮಣಿ. ಒದ್ದೆ ನೆಲಕ್ಕೂ ಕೆಮ್ಮಣ್ಣಿನ ಧೂಳಿಗೂ ಅದು ಅಂಟುವುದಿಲ್ಲ. ಹಾಗಾಗಿ ಕೆಲಸ ನವೆಂಬರ್ ನಂತರ. ಬೋಲ್ಟ್ ಹಾಕುವ ರಬ್ಬರ್ ಹಂಪ್ ಬೇಡವೇ ಬೇಡ, ಟಿಪ್ಪರ್ ಓಡುವ ರಸ್ತೆಯಲ್ಲಿ ಬೋಲ್ಟ್ ಸಡಿಲಾಗಿ ತುಂಡು ಕಿತ್ತುಬಂದು ಮೊಳೆ ಮಾತ್ರ ಉಳಿಯುತ್ತದೆ.

ಕುಮಟಾದಿಂದ: ಒನ್‌ವೇ ಅಂದ ಕೂಡಲೇ ಎಲ್ಲರೂ ಕೈ ಎತ್ತುತ್ತಾರೆ. ಆದರೆ ಎದುರು ಗಾಡಿ ಇಲ್ಲದ ನೇರ ರಸ್ತೆಯಲ್ಲಿ ವೇಗ ಏರುತ್ತದೆ. ಗಾಡಿಗಳ ಸಂಖ್ಯೆ ಇಳಿಯಬಹುದು, ಶಾಲೆ ಎದುರಿನ ಅಪಾಯ ಇಳಿಯುತ್ತದೆ ಅಂತ ಹೇಳಲಾಗದು. ಜತೆಗೆ ನಗರಸಭೆ ಠರಾವು ಮಾಡಿದರಷ್ಟೇ ಸಾಲದು. ಮೋಟಾರು ವಾಹನ ಕಾಯ್ದೆ 1988ರ ಕಲಂ 115 ಮತ್ತು ರಾಜ್ಯದ 1989ರ ನಿಯಮಾವಳಿಯ 221ಎ(5) ಅಡಿ ಜಿಲ್ಲಾಧಿಕಾರಿ ಆದೇಶ ಬೇಕು. ಆದೇಶವಿಲ್ಲದೆ ಬೋರ್ಡ್ ನೆಟ್ಟರೆ ಪೊಲೀಸರು ದಂಡ ಹಾಕಲಾರರು.

ಅದೇ ಕಲಂನಲ್ಲಿ ಒಂದು ಅನುಕೂಲವಿದೆ: ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ. ಅಂದರೆ ಒಂದು ತಿಂಗಳ ಒನ್‌ವೇ ಪ್ರಯೋಗ ಕೇಳಿ. ತಾತ್ಕಾಲಿಕ ತಡೆಯಾಗಿ ನೀರು ತುಂಬಿದ ಡ್ರಮ್ ಇಟ್ಟು ನೋಡಿ, ತಿಂಗಳ ಮೊದಲೂ ಕೊನೆಗೂ ಅದೇ 30 ಮೀಟರ್ ಗೆರೆಯಲ್ಲಿ ಅಳೆಯಿರಿ. ಪಕ್ಕದ ಕೇರಿಯಲ್ಲೂ ಅಳೆಯಿರಿ, ಇಲ್ಲವಾದರೆ ನಿಮ್ಮ ಗಾಡಿಗಳನ್ನು ಅವರ ಮನೆ ಎದುರಿಗೆ ಅಟ್ಟಿದಿರಿ ಅಂತ ಮುಂದಿನ ಸಭೆಯಲ್ಲಿ ಜಗಳ ಖಂಡಿತ.

ಮತ್ತೆ ಶಿರಸಿಯಿಂದ: ಹಂಪ್, ಒನ್‌ವೇ ಎರಡಕ್ಕಿಂತ ಒಳ್ಳೇದು ಒಳರಸ್ತೆಯ ಬಾಯಿಯನ್ನೇ ಬಿಗಿ ಮಾಡುವುದು. ಮೂಲೆ ಅಗಲವಾಗಿ ದುಂಡಗಿದ್ದರೆ ಗಾಡಿ ಬ್ರೇಕ್ ಮುಟ್ಟದೆ ಒಳಗೆ ತಿರುಗುತ್ತದೆ. ಅಲ್ಲಿ ಕರ್ಬ್ (ರಸ್ತೆಯಂಚಿನ ಕಲ್ಲುಸಾಲು) ಮುಂದಕ್ಕೆ ತಂದು, ಫುಟ್‌ಪಾತ್ ಮಟ್ಟಕ್ಕೆ 80 ಮಿ.ಮೀ. ಇಂಟರ್‌ಲಾಕ್ ಬ್ಲಾಕಿನ ಎತ್ತರಿಸಿದ ದಾಟು ಕೊಟ್ಟರೆ ಶಾಲೆ ಮಕ್ಕಳೂ ಅದರ ಮೇಲೇ ದಾಟಬಹುದು. ದಾರಿ ಮೂರೂವರೆ ಮೀಟರ್‌ಗಿಂತ ಕಿರಿದಾಗದಿರಲಿ, ಅಗ್ನಿಶಾಮಕದವರು ಒಪ್ಪಲ್ಲ. ಎತ್ತರದ ಗಾಡಿ ತಡೆಯುವ ಕಬ್ಬಿಣದ ಅಡ್ಡಕಂಬಿ, ಅಂದರೆ ಹೈಟ್ ಗೇಜ್ ಕೇಳುವವರಿಗೂ ಇದೇ ಮಾತು. ಟಿಪ್ಪರ್‌ಗೆ ಹೊತ್ತು ನಿಗದಿಮಾಡಿ ನಿಷೇಧ ಕೇಳಿ, ಅದಕ್ಕೂ ಜಿಲ್ಲಾಧಿಕಾರಿ ಆದೇಶವೇ.

ಮನವಿಯನ್ನು ಪೌರಾಯುಕ್ತರಿಗೆ ಕೊಟ್ಟು ಪ್ರತಿಯನ್ನು ಸಂಚಾರ ಪೊಲೀಸರಿಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕಳಿಸಿ, ಸ್ವೀಕೃತಿ ಮುದ್ರೆ ಬಿಡಬೇಡಿ. ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಕೇಳಿ. ಪ್ರತಿ ಮಳೆಗಾಲದ ನಂತರ ಬಣ್ಣ ಬಳಿಯುವ ಖರ್ಚು ಯಾವ ಲೆಕ್ಕದಿಂದ ಅಂತ ಅದರಲ್ಲೇ ಬರೆಸಿ.